ಉಂಡು ಕೊಟ್ಟ ಅಳತೆ

ಗಂಡಸಿನ ಮೈಮೇಲಿನ ಕೋಟು ಅವನ ಅಳತೆಗೇ ಹೊಲಿದದ್ದೋ, ಯಾರದೋ ಕೇಳಿ ತಂದದ್ದೋ ಎಂಬುದನ್ನು ನಾನು ಅವನ ಬೆನ್ನು ನೋಡಿಯೇ ಹೇಳಬಲ್ಲೆ. ಮುಖ ನೋಡುವ ಅಗತ್ಯವಿಲ್ಲ, ನೋಡುವ ಅಭ್ಯಾಸವೂ ನನಗಿಲ್ಲ. ಹೆಗಲಿನ ಹೊಲಿಗೆ ಹೆಗಲು ಮುಗಿಯುವ ಕಡೆಯೇ ಮುಗಿದಿರಬೇಕು. ಅಲ್ಲಿಂದ ಎರಡು ಬೆರಳು ಮುಂದಕ್ಕೆ ಹೋಗಿ ತೋಳಿನ ಮೇಲೆ ಜೋತುಬಿದ್ದಿದ್ದರೆ ಆ ಕೋಟಿನಲ್ಲಿ ಇನ್ನೂ ಒಬ್ಬರಿಗೆ ಜಾಗ ಇದೆ ಎಂದು ತಿಳಿಯಬೇಕು. ಕತ್ತಿನ ಹಿಂದೆ ಕೋಟಿನ ಕಾಲರು ಅಂಗಿಯ ಕಾಲರಿಗೆ ಒರಗಿ ಕೂತಿರಬೇಕು. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ನಾಲ್ಕು ಕಡೆಗೂ ಸುಕ್ಕು ಎಳೆಯಬಾರದು. ತೋಳಿನ ತುದಿಯಲ್ಲಿ ಅಂಗಿಯ ಅಂಚು ಅರ್ಧ ಬೆರಳಿನಷ್ಟು ಕಾಣಬೇಕು, ಅದಕ್ಕಿಂತ ಹೆಚ್ಚಾದರೆ ಕೋಟು ತಮ್ಮನದು, ಕಾಣದಿದ್ದರೆ ಅಣ್ಣನದು. ಇಷ್ಟು ತಿಳಿದರೆ ಸೂಟಿನ ವಿದ್ಯೆ ಮುಕ್ಕಾಲು ಪಾಲು ಬಂದ ಹಾಗೆ. ಉಳಿದ ಕಾಲು ಪಾಲು ನನಗೂ ಬಹಳ ದಿನ ಗೊತ್ತಿರಲಿಲ್ಲ. ಅದನ್ನು ನಾನು ಕಲಿತದ್ದು ನಿಮ್ಮ ಅವ್ವ ಅಪ್ಪನ ಮದುವೆಯ ದಿನ, ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗ.

ಇದನ್ನೆಲ್ಲ ಬಾಯಿಬಿಟ್ಟು ಹೇಳು ಎಂದರೆ ನನ್ನಿಂದ ಆಗುವುದಿಲ್ಲ, ಅದಕ್ಕೇ ಮೊಮ್ಮಕ್ಕಳಾದ ನಿಮಗೆ ಬರೆಯುತ್ತಿದ್ದೇನೆ. ನನ್ನ ಸಂಕೋಚ ಎಂಥದ್ದು ಎಂದು ನಿಮಗೆ ಗೊತ್ತಿಲ್ಲ. ನೀವು ಹುಟ್ಟುವ ಹೊತ್ತಿಗೆ ಅದು ಎಷ್ಟೋ ಸವೆದಿತ್ತು. ನಮ್ಮೂರ ಸಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಾಗ ಮೇಷ್ಟ್ರು ಹೆಸರು ಕೂಗಿದರೆ ನಾನು ಹಾಜರಿಯನ್ನು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳುತ್ತಿದ್ದೆ. ಹಾಗಾಗಿ ಎದುರಿಗೇ ಕೂತಿದ್ದರೂ ಒಂದು ವಾರ ಪೂರ್ತಿ ಗೈರುಹಾಜರಿ ಬಿತ್ತು. ಕೊನೆಗೆ ಮೇಷ್ಟ್ರು, ನಿಮ್ಮ ಹುಡುಗಿ ಯಾಕೆ ಸಾಲೆಗೆ ಬರುತ್ತಿಲ್ಲ ಎಂದು ಕೇಳಲು ಮನೆಗೇ ಬಂದರು. ಬಾಗಿಲು ತೆಗೆದವಳು ನಾನೇ. ಅವರಿಗೆ ಕುಡಿಯಲು ನೀರು ಕೊಟ್ಟವಳೂ ನಾನೇ. ಆಗಲೂ ನಾನು ಏನೂ ಹೇಳಲಿಲ್ಲ. ಏಳನೆಯ ಇಯತ್ತೆಗೆ ಸಾಲೆ ಮುಗಿಯಿತು, ಸಂಕೋಚ ಮಾತ್ರ ಮುಂದಿನ ಇಯತ್ತೆಗಳಿಗೆ ಪಾಸಾಗುತ್ತ ಹೋಯಿತು.

ಮದುವೆಯಾಗಿ ಕೊಟ್ಟೂರಿಗೆ ಬಂದೆ. ನಿಮ್ಮಜ್ಜ ಎಣ್ಣೆ ಗಾಣದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮದುವೆಯ ಹೊಸತರಲ್ಲಿ ಫೋಟೋ ತೆಗೆಸಲು ಹೋದೆವು. ಆ ಕಾಲಕ್ಕೆ ನಮ್ಮೂರಿನ ಫೋಟೋ ಅಂಗಡಿಯಲ್ಲಿ ಕನ್ನಡಿಯ ಪಕ್ಕ ಒಂದು ಮೊಳೆ, ಆ ಮೊಳೆಗೆ ಒಂದು ಕಪ್ಪು ಕೋಟು ಇರುತ್ತಿತ್ತು. ಯಾರು ಬಂದರೂ ಅದೇ ಕೋಟು. ದಪ್ಪನೆಯವರಿಗೆ ಬೆನ್ನ ಹಿಂದೆ ಬಿಚ್ಚಿ ಬಿಡುತ್ತಿದ್ದರು, ತೆಳ್ಳನೆಯವರಿಗೆ ಬೆನ್ನ ಹಿಂದೆ ಪಿನ್ನು ಹಾಕುತ್ತಿದ್ದರು. ಮುಂದಿನಿಂದ ನೋಡಿದರೆ ಎಲ್ಲರೂ ಸಾಹೇಬರೇ. ಈಗಲೂ ಕೊಟ್ಟೂರಿನ ಹಳೆಯ ಮನೆಗಳ ಗೋಡೆಯ ಮೇಲೆ ನೋಡಿ, ಎಷ್ಟೋ ಅಜ್ಜಂದಿರ ಮುಖ ಬೇರೆ ಬೇರೆ, ಕೋಟು ಒಂದೇ. ನಿಮ್ಮಜ್ಜನ ಕೈಗಳು ಆ ತೋಳುಗಳೊಳಗೆ ಹೋದವು, ಮತ್ತೆ ಹೊರಗೆ ಬರಲಿಲ್ಲ. ಫೋಟೋದಲ್ಲಿ ಅವರಿಗೆ ಬೆರಳೇ ಇಲ್ಲ. ಅದನ್ನು ನೋಡಿದಾಗಲೆಲ್ಲ ನಾವಿಬ್ಬರೂ ನಗುತ್ತಿದ್ದೆವು. ನಿಮ್ಮವ್ವನಿಗೆ ಎಂಟು ವರ್ಷವಾದಾಗ ಅವರು ಹೋದರು. ಆಮೇಲೆ ಆ ಫೋಟೋ ನೋಡಿ ಒಬ್ಬಳೇ ನಗಲು ಬರಲಿಲ್ಲ. ನನ್ನ ಮಗಳ ಕೈ ಹಿಡಿಯುವವನು ತನ್ನ ಮೈಯ ಅಳತೆಗೆ ಹೊಲಿದ ಕೋಟನ್ನೇ ಹಾಕಿಕೊಳ್ಳಬೇಕು ಎಂದು ಅಂದುಕೊಂಡೆ. ಹೊಲಿಗೆ ಯಂತ್ರ ಇತ್ತು. ಓಣಿಯ ಹೆಂಗಸರ ಕುಪ್ಪಸ, ಮಕ್ಕಳ ಚಡ್ಡಿ, ಲಂಗ ಹೊಲಿದು ಸಂಸಾರ ನಡೆಸಿದೆ. ಕುಪ್ಪಸಕ್ಕೆ ನಾನು ಟೇಪು ಹಿಡಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಅಳತೆ ಕಣ್ಣಿಗೆ ಬರುತ್ತಿತ್ತು. ಈ ಮಾತಿನಲ್ಲಿ ಹೆಚ್ಚಳ ಇದೆ ಎನ್ನುವಿರಾದರೆ ಓಣಿಯಲ್ಲಿ ಕೇಳಿಕೊಳ್ಳಿ.

ನಿಮ್ಮಪ್ಪನ ಊರು ಹೊಳೆಯ ದಂಡೆಯ ಹಲವಾಗಲು. ಅವರ ಮನೆತನದಲ್ಲಿ ಸಂಬಳದ ನೌಕರಿಗೆ ಸೇರಿದ ಮೊದಲಿಗರು ಅವರೇ, ಹರಪನಹಳ್ಳಿಯ ಒಂದು ಸರಕಾರಿ ಆಫೀಸಿನಲ್ಲಿ ಗುಮಾಸ್ತರು. ಅವರ ತಾಯಿ ತೀರಿಕೊಂಡಿದ್ದರು, ತಂದೆಗೆ ಮಾತು ಕಡಿಮೆ. ಮನೆಯ ಯಜಮಾನಿಕೆ ಎಲ್ಲ ಸೋದರತ್ತೆ ನಾಗಮ್ಮನವರದು. ಎತ್ತರದ ಆಳು, ಕಂಚಿನಂಥ ದನಿ. ನಿಶ್ಚಯದ ದಿನ ಕೊಡುವ ಬಿಡುವ ಮಾತೆಲ್ಲ ಸಲೀಸಾಗಿ ಮುಗಿಯಿತು. ಸೂಟಿನ ಮಾತು ಬಂತು. ಅಳಿಯನಿಗೆ ಸೂಟು ಹೊಲಿಸಿಕೊಡುವುದು ಹೆಣ್ಣಿನವರ ಬಾಬತ್ತು. ಆಗ ನಾಗಮ್ಮ ಹೇಳಿದರು: "ಸೂಟಿಂದು ನಮಗ ಬಿಟ್ಟು ಬಿಡ್ರಿ. ಗಂಡಸರಿಲ್ಲದ ಮನಿ, ನಿಮಗ್ಯಾಕ ತ್ರಾಸ. ಆಫೀಸಿನ ಸಾಹೇಬರು ಬರತಾರ, ಹೆಚ್ಚುಕಡಿಮಿ ಆದ್ರ ನಾಕು ಮಂದ್ಯಾಗ ಚಂದ ಕಾಣಂಗಿಲ್ಲ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಆದರೆ ಬಾಗಿಲ ಹಿಂದೆ ನಿಂತಿದ್ದ ನನಗೆ ಅದರಲ್ಲಿ ಕೇಳಿಸಿದ್ದು 'ಗಂಡಸರಿಲ್ಲದ ಮನಿ' ಎಂಬುದೊಂದೇ. ನನ್ನ ತಮ್ಮ ಕೊಟ್ರೇಶಿಯನ್ನು ಸನ್ನೆ ಮಾಡಿ ಕರೆದು, ಸೂಟು ನಾವೇ ಹೊಲಿಸುತ್ತೇವೆ ಎಂದು ಹೇಳು ಎಂದೆ. ಅವನು ಹೋಗಿ ಹೇಳಿದ. ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹಠ. ಮದುವೆಯಲ್ಲಿ ಅಡಿಗೆಯ ಉಪ್ಪು ಹೆಚ್ಚಾದರೂ ಆಗಲಿ, ಚಪ್ಪರ ಸೊಟ್ಟಗಾದರೂ ಆಗಲಿ, ಸೂಟು ಮಾತ್ರ ಅಳಿಯನ ಮೈಮೇಲೆ ಅಚ್ಚು ಹಾಕಿದ ಹಾಗೆ ಕೂಡಬೇಕು. ಅದನ್ನು ನೋಡಿ ಯಾರೂ ಆ ಮಾತನ್ನು ಇನ್ನೊಮ್ಮೆ ಆಡಬಾರದು.

ಇಲ್ಲಿ ಒಂದು ತೊಡಕಿತ್ತು. ನಮ್ಮ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಸೆರಗು ತಲೆಯ ಮೇಲೆ, ಅತ್ತೆ ಬಾಗಿಲ ಹಿಂದೆ. ಮಾತಾಡದ ಮನುಷ್ಯನಿಗೆ, ಸರಿಯಾಗಿ ನೋಡದ ಮನುಷ್ಯನಿಗೆ ನಾನು ಸೂಟು ಆರಿಸಬೇಕಿತ್ತು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನನಗೆ ಹೆದರಿಕೆ ಆಗಲಿಲ್ಲ. ಬಾಗಿಲ ಸಂದಿಯಿಂದ ನೋಡುವುದರಲ್ಲಿ ನನ್ನದು ಹುಟ್ಟಿದಾಗಿನಿಂದ ಪಳಗಿದ ಕಣ್ಣು.

ಜವಳಿ ತೆಗೆಯುವ ದಿನ ಹಲವಾಗಲಿನವರು ಬೆಳಗಿನ ಬಸ್ಸಿಗೆ ಬಂದರು. ನಾಗಮ್ಮ, ಅವರ ಅಣ್ಣ ಅಂದರೆ ನಿಮ್ಮಪ್ಪನ ತಂದೆ, ನಿಮ್ಮಪ್ಪ. ಮೊದಲು ಜವಳಿ ಅಂಗಡಿ, ಆಮೇಲೆ ಸಿಂಪಿಗರ ಅಂಗಡಿಯಲ್ಲಿ ಅಳತೆ, ಆಮೇಲೆ ಊಟ ಎಂದು ಅವರು ಅಂದುಕೊಂಡಿದ್ದರು. ಆಗದ ಮಾತು ಅದು. ನಿಶ್ಚಯವಾದ ಮೇಲೆ ಅಳಿಯ ಮೊದಲ ಸಲ ಮನೆಗೆ ಬಂದಿದ್ದಾನೆ, ಹಸಿದ ಹೊಟ್ಟೆಯಲ್ಲಿ ಹೊಸ್ತಿಲು ದಾಟಿಸಿದರೆ ಓಣಿಯವರು ಏನೆಂದಾರು? ನಾನು ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿಟ್ಟಿದ್ದೆ. ಎಲೆ ಹಾಕಿಸಿದೆ. ನಾನು ಬಾಗಿಲ ಹಿಂದೆ, ಬಡಿಸಲು ಕೊಟ್ರೇಶಿ. ಅವನಿಗೆ ಕಣ್ಣಲ್ಲೇ ಹುಕುಂ ಕೊಡುತ್ತಿದ್ದೆ. ನಮ್ಮ ಕಡೆ ಉಪಚಾರದಲ್ಲಿ ಒಂದು ನಿಯಮ ಇದೆ. ಉಣ್ಣುವವನು ಮೊದಲನೆಯ ಸಲ 'ಬ್ಯಾಡ' ಎಂದರೆ ಅದು ಮರ್ಯಾದೆ, ಎರಡನೆಯ ಸಲ ಎಂದರೆ ಸಂಕೋಚ, ಮೂರನೆಯ ಸಲ ಎಂದರೆ ಮಾತ್ರ ಅದು ಬ್ಯಾಡ. ನಿಮ್ಮಪ್ಪನ ಸ್ವಭಾವ ನಿಮಗೆ ಗೊತ್ತಲ್ಲ. ಅವರಿಗೆ ಎರಡು ಸಲಕ್ಕಿಂತ ಹೆಚ್ಚು ಹೇಳಲು ನಾಚಿಕೆ. ಹಾಗಾಗಿ ಹೋಳಿಗೆ ಬೀಳುತ್ತಲೇ ಹೋಯಿತು. ಒಂದು ಮನೆದೇವರ ಹೆಸರಿಗೆ, ಒಂದು ಅಕ್ಕನ ಮನಸ್ಸಿಗೆ, ಒಂದು ಜೋಡಿ ಮುರಿಯಬಾರದು ಎಂದು. ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಬಿಸಿ ಹಾಲು, ಆಮೇಲೆ ಅನ್ನ, ಕಟ್ಟಿನ ಸಾರು. ಏಳು ಹೋಳಿಗೆ ತಿಂದರು. ನಾನು ಒಳಗೆ ನಿಂತು ಬೆರಳು ಮಡಚಿ ಎಣಿಸಿ ಸಂತೋಷಪಟ್ಟೆ. ಏಳುವಾಗ ಅವರು ಒಂದು ಕೈ ನೆಲಕ್ಕೆ ಊರಿ, ಒಂದು ಕೈ ಗೋಡೆಗೆ ಹಿಡಿದು ಎದ್ದರು. ಹಿರಿಯರ ಮುಂದೆ ಎಷ್ಟು ನಿಧಾನಸ್ಥ ಹುಡುಗ ಎಂದು ಮೆಚ್ಚಿಕೊಂಡೆ.

ಜವಳಿ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಬಟ್ಟೆಯ ತಾನುಗಳನ್ನು ಉರುಳಿಸಿದರು. ಕೊಟ್ರೇಶಿಗೆ ಕಾಫಿ ಬಣ್ಣದ ಮೇಲೆ ಗೆರೆ ಇದ್ದದ್ದು ಬೇಕು. ನಾಗಮ್ಮನವರಿಗೆ ದೂರದಿಂದ ಮಿಂಚುವಂಥದ್ದು ಬೇಕು. ನಿಮ್ಮಪ್ಪ ಯಾವುದನ್ನು ತೋರಿಸಿದರೂ "ಆಗಬಹುದ್ರಿ" ಎನ್ನುತ್ತಿದ್ದರು. ನಾನು ಹಿಂದೆ ಕೂತು, ಪ್ರತಿ ತಾನಿನ ಮೂಲೆಯನ್ನೂ ಸೆರಗಿನೊಳಗೆ ಎಳೆದುಕೊಂಡು ಮುಷ್ಟಿಯಲ್ಲಿ ಹಿಚುಕಿ ಬಿಡುತ್ತಿದ್ದೆ. ಹಿಚುಕಿದ ಸುಕ್ಕು ಹಾಗೇ ಉಳಿದರೆ ಆ ಬಟ್ಟೆ ಕೂತೆದ್ದ ಮೇಲೆ ಹಾಸಿಗೆಯ ಹಾಗೆ ಕಾಣುತ್ತದೆ. ಬಿಟ್ಟ ತಕ್ಷಣ ಬಿಚ್ಚಿಕೊಂಡರೆ ಅದು ಸೂಟಿನ ಬಟ್ಟೆ. ಮಿಂಚುವ ಬಟ್ಟೆ ಬೇಡ, ಮಿಂಚು ಹೊಲಿಗೆಯ ಸಣ್ಣ ತಪ್ಪನ್ನೂ ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಹೀಗೆ ಹಿಚುಕಿ ಹಿಚುಕಿ ಕೊನೆಗೆ ಒಂದು ಗಾಢ ನೀಲಿ ಟೆರಿವುಲ್ ಆರಿಸಿ, ಕೊಟ್ರೇಶಿಯ ಬೆನ್ನಿಗೆ ಬೆರಳಿನಿಂದ ತಿವಿದೆ. ಅವನು ತನ್ನದೇ ಆಯ್ಕೆ ಎಂಬಂತೆ, ಇದನ್ನೇ ಕತ್ತರಿಸಿ ಎಂದ. ನಾಗಮ್ಮನವರೂ ಕೈಯಾಡಿಸಿ ನೋಡಿ, ಪರವಾಗಿಲ್ಲ ಎಂದರು. ನನಗೆ ಅರ್ಧ ಯುದ್ಧ ಗೆದ್ದ ಹಾಗಾಯಿತು.

ಸಿಂಪಿಗ ಇಮಾಮ್‌ಸಾಬ್ ಮಾಸ್ತರರ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಅದು ಬೆಲ್‌ಬಾಟಮ್ ಕಾಲ. ಎಲ್ಲ ಸಿಂಪಿಗರೂ ಪ್ಯಾಂಟಿನ ಕಾಲಿಗೆ ಓಣಿ ಗುಡಿಸುವಷ್ಟು ಅಗಲ ಇಡುತ್ತಿದ್ದರು. ಮಾಸ್ತರರು ಮಾತ್ರ ಗಿರಾಕಿಯ ಕಾಲು ನೋಡಿ ಅಗಲ ಇಡುತ್ತಿದ್ದರು. ಅದಕ್ಕೇ ನಾನು ಅವರನ್ನು ಆರಿಸಿದ್ದು. ಅವರು ಟೇಪನ್ನು ಮೈಗೆ ತಾಗಿಸಿದರೆ ಹಾವು ಹರಿದ ಹಾಗೆ, ಕ್ಷಣದಲ್ಲಿ ಕೆಲಸ ಮುಗಿದಿರುತ್ತಿತ್ತು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗಿನ ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದೆ. ಹೆಗಲು, ಎದೆ, ತೋಳು ನನ್ನ ಕಣ್ಣಿನ ಅಳತೆಗೇ ಬಂದವು. ಸೊಂಟಕ್ಕೆ ಬಂದಾಗ ಮಾಸ್ತರರು "ಮೂವತ್ತೆರಡು" ಎಂದರು. ನಾನು ನಿಶ್ಚಯದ ದಿನ ಸಂದಿಯಿಂದ ನೋಡಿ ಇಪ್ಪತ್ತೊಂಬತ್ತು ಅಂದುಕೊಂಡಿದ್ದೆ. ಇರಲಿ, ಗಂಡಸರ ಸೊಂಟ ನೋಡಿ ನಮಗೇನು ರೂಢಿ ಎಂದು ನನ್ನ ಕಣ್ಣನ್ನೇ ಬೈದುಕೊಂಡೆ. ನಾಗಮ್ಮನವರು ಮುಂದೆ ಬಂದು ಟೇಪಿನೊಳಗೆ ತಮ್ಮ ಎರಡು ಬೆರಳು ತೂರಿಸಿ, ಮದುವೆಯಾದ ಮೇಲೆ ಮೈ ತುಂಬಿಕೊಳ್ಳುತ್ತಾನೆ, ಇಷ್ಟು ಸಡಿಲ ಬಿಡಿ ಎಂದರು. ಮಾಸ್ತರರು ಅದನ್ನೂ ಸೇರಿಸಿ ಪುಸ್ತಕದಲ್ಲಿ ಬರೆದುಕೊಂಡರು. ಬೆಲ್ಟಿಗೆ ಪಟ್ಟಿ ಇಡುವಿರಾ ಎಂದು ಕೊಟ್ರೇಶಿ ಕೇಳಿದ. ಮಾಸ್ತರರಿಗೆ ಬೇಸರವಾಯಿತು. "ಬೆಲ್ಟು ಬೇಕಾಗೋದು ಅಳತಿ ತಪ್ಪಿದ ಪ್ಯಾಂಟಿಗೆ ರಿ. ನಂದು ಹಂಗಾ ನಿಂದರತೈತಿ." ಕಟ್ಟೆಯ ಮೇಲೆ ಕೂತು ನಾನೂ ಹೌದೆಂದು ತಲೆಯಾಡಿಸಿದೆ. ಕೆಲಸ ಬಲ್ಲವರ ಮಾತು ಎಂದರೆ ಹೀಗಿರಬೇಕು.

ಹದಿನೈದು ದಿನಕ್ಕೆ ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ಹಾಕಿ ನೋಡಲು ಕರೆದರು. ನಿಮ್ಮಪ್ಪ ಅರ್ಧ ದಿನ ರಜೆ ಹಾಕಿ ಹರಪನಹಳ್ಳಿಯಿಂದ ಬಂದರು. ನೇರ ಮಾಸ್ತರರ ಅಂಗಡಿಗೆ ಹೋಗುವವರಿದ್ದರು. ಕೊಟ್ರೇಶಿ ಬಸ್ ಸ್ಟ್ಯಾಂಡಿನಲ್ಲೇ ಕಾದು ಹಿಡಿದುಕೊಂಡು ಮನೆಗೆ ತಂದ. ಅವತ್ತು ಆರು ಹೋಳಿಗೆ. ಒಂದು ಕಡಿಮೆಯಾಯಿತಲ್ಲ ಎಂದು ನನಗೆ ಕೊರಗು. ಅದನ್ನು ಒಂದು ದೊಡ್ಡ ಲೋಟ ಪಾಯಸದಲ್ಲಿ ಸರಿಮಾಡಿದೆ. ಆಮೇಲೆ ಅಂಗಡಿಗೆ ಹೋದರು. ಬಿಳಿ ದಾರದ ಕಚ್ಚಾ ಹೊಲಿಗೆಯ ಕೋಟು ಪ್ಯಾಂಟಿನಲ್ಲಿ ಅಳಿಯ ಕನ್ನಡಿಯ ಮುಂದೆ ನಿಂತರೆ ನನಗೆ ಕಟ್ಟೆಯ ಮೇಲೆ ಕೂರಲಾಗಲಿಲ್ಲ, ಎದ್ದು ನಿಂತುಬಿಟ್ಟೆ. ಹೆಗಲು ಹೆಗಲಿನಲ್ಲಿ, ಕಾಲರು ಕತ್ತಿನಲ್ಲಿ, ಸೊಂಟ ಸೊಂಟದಲ್ಲಿ. ನಾಗಮ್ಮನವರ ಎರಡು ಬೆರಳಿನ ಜಾಗ ಕೂಡ ಕಾಣದಷ್ಟು ಸರಿಯಾಗಿತ್ತು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇನ್ನು ಇದನ್ನು ಮುಟ್ಟಬಾರದು ಎಂದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ. ಬೀಗರಿಗೆ ಇಳಿದುಕೊಳ್ಳಲು ಎದುರು ಸಾಲಿನ ಒಂದು ಮನೆ ಬಿಟ್ಟುಕೊಟ್ಟಿದ್ದೆವು. ಮದುಮಗ ಹಿಂದಿನ ರಾತ್ರಿಯಿಂದ ತಾಳಿ ಕಟ್ಟುವವರೆಗೆ ಉಪವಾಸ ಇರುವುದು ಅವರ ಮನೆತನದ ಪದ್ಧತಿ. ನಾನು ಹಿತ್ತಲಿನಲ್ಲಿ ಅಡಿಗೆಯ ಕಡೆ ಇದ್ದೆ. ಗಂಡ ತೀರಿಕೊಂಡವಳು ಮುಹೂರ್ತಕ್ಕೆ ಮುಂಚೆ ಮದುಮಗನ ಎದುರು ಸುಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು. ನನಗೂ ಅದು ಅನುಕೂಲವೇ ಆಗಿತ್ತು, ಯಾರ ಎದುರೂ ಸುಳಿಯುವುದು ನನಗೆ ಬೇಕಿರಲಿಲ್ಲ. ಸೂಟು ಹಾಕಿದ ಅಳಿಯನನ್ನು ಆಮೇಲೆ ದೂರದಿಂದ, ಬೆನ್ನ ಕಡೆಯಿಂದ ನೋಡಿದರಾಯಿತು ಎಂದುಕೊಂಡು ಹೆಸರುಬೇಳೆ ಕೋಸಂಬರಿಗೆ ಕೈ ಹಾಕಿದ್ದೆ. ಆಗ ಕೊಟ್ರೇಶಿ ಬಂದ. ಮುಖದಲ್ಲಿ ರಕ್ತ ಇರಲಿಲ್ಲ.

"ಅಕ್ಕಾ, ಪ್ಯಾಂಟು ನಿಂದರವಲ್ದು."

"ಹಂಗಂದ್ರ?"

"ಕೈ ಬಿಟ್ರ ಮಣಕಾಲಿಗೆ ಬರತೈತಿ. ಅಳಿಯಾರು ಎರಡೂ ಕೈಲೆ ಹಿಡಕೊಂಡು ನಿಂತಾರ."

ನನ್ನ ಕೈಯ ಕೋಸಂಬರಿ ಕೈಯಲ್ಲೇ ಉಳಿಯಿತು. ಉಡಿದಾರದೊಳಗೆ ಸಿಕ್ಕಿಸಲು ಹೇಳು ಎಂದೆ. ಅದನ್ನೂ ನೋಡಿದೆವು, ಉಡಿದಾರವೂ ಜಾರುತ್ತಿದೆ ಎಂದ. ಪಿನ್ನು? ಪಿನ್ನು ಹಾಕಿದರಂತೆ. ಮಣೆಯ ಮೇಲೆ ಕೂತು ನೋಡಿ ಎಂದಾಗ ಕೂತರಂತೆ, ಕೂತ ವೇಗದಲ್ಲೇ ಎದ್ದರಂತೆ. ನಾನು ಸೂಜಿ ದಾರ ತೆಗೆದುಕೊಂಡೆ. ಹಿಂದಿನ ಹೊಲಿಗೆಯಲ್ಲಿ ಎರಡು ಬೆರಳು ಹಿಡಿದರೆ ಹತ್ತು ನಿಮಿಷದ ಕೆಲಸ. ಅಡಿಗೆಯವರ ನಡುವಿನಿಂದ ಹಿತ್ತಲ ದಾರಿ ಹಿಡಿದು ಎದುರು ಮನೆಯ ಬಾಗಿಲ ಹೊರಗೆ ಹೋಗಿ, ಸೆರಗು ಮುಖಕ್ಕೆ ಎಳೆದುಕೊಂಡು ನಿಂತೆ. ಒಳಗೆ ನಾಗಮ್ಮನವರ ದನಿ ಕೇಳುತ್ತಿತ್ತು. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು, ಕಂಕಣ ಕಟ್ಟಿ ದೇವರಿಗೆ ಕೈಮುಗಿದ ಮೇಲೆ ಉಟ್ಟದ್ದನ್ನು ಬಿಚ್ಚಬಾರದು ಎಂದು ಯಾರಿಗೋ ಹೇಳುತ್ತಿದ್ದರು. ಸೂಜಿಯ ದಾರಿಯೂ ಮುಚ್ಚಿತು.

"ತಾಳಿ ಕಟ್ಟಾಕ ಎರಡು ಕೈ ಬೇಕು, ಪ್ಯಾಂಟು ಹಿಡಿಯಾಕ ಎರಡು ಬೇಕು," ಎಂದರು ನಾಗಮ್ಮ. "ಮದಿಮಗನಿಗೆ ದೇವರು ಕೊಟ್ಟಿದ್ದು ಎರಡಾ."

ಬಾಗಿಲ ಸಂದಿಯಿಂದ ನೋಡಿದೆ. ನಡುಮನೆಯಲ್ಲಿ ನಿಮ್ಮಪ್ಪ ನಿಂತಿದ್ದರು. ಹಣೆಗೆ ಬಾಸಿಂಗ, ಮೈಮೇಲೆ ನೀಲಿ ಕೋಟು, ಎರಡೂ ಕೈ ಸೊಂಟದಲ್ಲಿ. ಮದುವೆಗೆ ಬಂದಿದ್ದ ಇಮಾಮ್‌ಸಾಬ್ ಮಾಸ್ತರರು ಅವರ ಮುಂದೆ ಮಂಡಿಯೂರಿ ಕೂತು ಟೇಪು ಹಿಡಿದಿದ್ದರು. ಮುಖ ಸಣ್ಣದಾಗಿತ್ತು. ಇಪ್ಪತ್ತೊಂಬತ್ತು ಎಂದು ತಮಗೆ ತಾವೇ ಹೇಳಿಕೊಂಡು, ಮತ್ತೆ ಅಳೆದು, ಮತ್ತೆ ಅದನ್ನೇ ಹೇಳಿಕೊಂಡರು. "ಅವತ್ತು ನಾ ಅಳದಿದ್ದು ಮೂವತ್ತೆರಡ್ರಿ. ಇಪ್ಪತ್ತು ವರ್ಷದಾಗ ನನ್ನ ಟೇಪು ಸುಳ್ಳು ಹೇಳಿಲ್ಲ." ಯಾರೋ ಹಿಂದಿನಿಂದ, ಗಂಡಸರು ಮುಂದೆ ನಿಂತು ಮಾಡಿಸಿದ್ದರೆ ಹೀಗೆ ಆಗುತ್ತಿತ್ತೇ ಎಂದರು. ಅದೇ ಮಾತು. ನಾನು ಯಾವ ಮಾತು ಕೇಳಬಾರದು ಎಂದು ಎರಡು ತಿಂಗಳು ಒದ್ದಾಡಿದ್ದೆನೋ ಅದೇ. ಕೊಟ್ರೇಶಿಗೆ ಅದು ತಡೆಯಲಿಲ್ಲ. ತಪ್ಪು ನಮ್ಮದಲ್ಲ, ಮಾಸ್ತರರದು, ಇಂಥ ಮನುಷ್ಯ ಎಂದು ಗೊತ್ತಿದ್ದರೆ ಅವರ ಕಡೆ ಹೋಗುತ್ತಲೇ ಇರಲಿಲ್ಲ ಎಂದುಬಿಟ್ಟ. ಎಲ್ಲರೂ ಹೌದು ಹೌದು ಎಂದರು. ಮಾಸ್ತರರು ಟೇಪನ್ನು ಸುತ್ತತೊಡಗಿದರು.

ಸುಮ್ಮನಿದ್ದರೆ ಆಗುತ್ತಿತ್ತು. ತಪ್ಪು ಸಿಂಪಿಗರ ತಲೆಗೆ, ನಮ್ಮ ಮನೆ ಪಾರು. ಸುಮ್ಮನಿರುವುದು ನನಗೆ ಬರುವ ಒಂದೇ ವಿದ್ಯೆ ಕೂಡ. ಆದರೆ ಅವರು ಟೇಪು ಸುತ್ತುವುದನ್ನು ನೋಡುತ್ತ ನೋಡುತ್ತ ನನ್ನ ತಲೆಯಲ್ಲಿ ಇಪ್ಪತ್ತೊಂಬತ್ತಕ್ಕೂ ಮೂವತ್ತೆರಡಕ್ಕೂ ನಡುವಿನ ಮೂರು ಇಂಚು ಎಲ್ಲಿಂದ ಬಂತು ಎಂಬುದು ಹೊಳೆದುಬಿಟ್ಟಿತು. ಅದು ಎಲ್ಲಿಂದಲೂ ಬಂದದ್ದಲ್ಲ, ನನ್ನ ಹಂಚಿನಿಂದ ಬಂದದ್ದು. ನಾನೂ ಹೊಲಿಗೆಯವಳು. ಅಳತೆ ಸರಿಯಿದ್ದೂ ತಪ್ಪಿತಸ್ಥಳಾಗಿ ನಿಲ್ಲುವ ಸಂಕಟ ನನಗೆ ಗೊತ್ತಿತ್ತು. ಹೊಸ್ತಿಲ ಹೊರಗಿನಿಂದಲೇ ಬಾಯಿ ತೆರೆದೆ. ದನಿ ಎಷ್ಟು ಜೋರಾಗಿ ಬಂತೆಂದರೆ ನನಗೇ ಯಾರೋ ಹಿಂದೆ ನಿಂತು ಮಾತಾಡಿದ ಹಾಗಾಯಿತು.

"ಮಾಸ್ತರದು ತಪ್ಪಿಲ್ಲ. ತಪ್ಪು ನಂದು. ಅಳತಿ ಕೊಡೋ ದಿನ ಏಳು ಹೋಳಿಗಿ ತಿನಿಸಿ ಕಳಿಸಿದ್ದೆ. ಹಾಕಿ ನೋಡೋ ದಿನ ಆರು. ಅವರು ಹೊಲಿದಿದ್ದು ಉಂಡ ಅಳಿಯಾಗ. ಇವತ್ತು ಅಳಿಯಾರು ಉಪಾಸ ಅದಾರ."

ಸುತ್ತುತ್ತಿದ್ದ ಟೇಪು ಮಾಸ್ತರರ ಕೈಯಲ್ಲಿ ನಿಂತಿತು. ನಾಗಮ್ಮನವರು ಬಾಗಿಲಿಗೆ ಬಂದು ನನ್ನನ್ನು ಸೆರಗಿನ ಮೇಲಿನಿಂದಲೇ ದಿಟ್ಟಿಸಿದರು.

"ಏಳಾ?"

"ಏಳು."

"ನಮ್ಮನಿಯಾಗ ಎರಡಕ್ಕ ಎದ್ದು ಬಿಡತಾನಲ್ಲವ್ವ," ಎಂದರು. ಆಮೇಲೆ ಅಣ್ಣನ ಮಗನ ಕಡೆ ತಿರುಗಿ, "ಹೌದೇನಲೇ?" ಎಂದು ಕೇಳಿದರು. ನಿಮ್ಮಪ್ಪ ತಲೆ ತಗ್ಗಿಸಿ, "ಬ್ಯಾಡ ಅಂದೆ ಅತ್ತಿ, ಎರಡು ಸಲ ಅಂದೆ," ಎಂದರು. ನಾಗಮ್ಮನವರಿಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರೂ ನಿಲ್ಲಲಿಲ್ಲ. ಆ ಕಂಚಿನ ದನಿಯ ನಗು ಚಪ್ಪರಕ್ಕೂ ಕೇಳಿಸಿತಂತೆ. ನಗು ಮುಗಿದ ಮೇಲೆ ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎಲ್ಲಾ ತಪ್ಪು ನಿಮಗ ಯಾಕ ಕೊಡಬೇಕು? ಟೇಪಿನಾಗ ಎರಡು ಬಟ್ಟು ತುರುಕಿದಾಕಿ ನಾನು. ಏಳು ಹೋಳಿಗಿ ನಿಮ್ಮವು, ಎರಡು ಬಟ್ಟು ನಮ್ಮವು. ಗಂಡಸರು ಮುಂದ ನಿಂತಿದ್ರಲ್ಲ ಅವತ್ತು, ಕೊಟ್ರೇಶಿ ಇದ್ದ, ನಮ್ಮಣ್ಣ ಇದ್ದ. ಒಬ್ಬರಿಗಾದರೂ ಹೊಳೀತಾ?"

ಉಪಾಯವನ್ನೂ ಅವರೇ ಹೇಳಿದರು. ಉಪವಾಸಕ್ಕೆ ಅನ್ನ ಹೋಳಿಗೆ ನಡೆಯುವುದಿಲ್ಲ, ಹಾಲು ಹಣ್ಣಿಗೆ ಅಡ್ಡಿಯಿಲ್ಲ. ಎಲೆ ಅಡಿಕೆಯ ಜೊತೆ ಹಂಚಲು ತಂದಿದ್ದ ಬಾಳೆಯ ಗೊನೆ ಎತ್ತಿಕೊಂಡು ಬಂದರು. ನಾನು ಒಂದು ಚೆಂಬು ಹಾಲು ಕಾಸಿ ಕಳಿಸಿದೆ. ಮದುಮಗನ ಕೈ ಎರಡೂ ಪ್ಯಾಂಟಿನಲ್ಲಿ ಇದ್ದುದರಿಂದ ನಾಗಮ್ಮನವರೇ ಸುಲಿದು ಸುಲಿದು ಬಾಯಿಗಿಟ್ಟರು. ಮೂರು ಹಣ್ಣಿಗೊಮ್ಮೆ ಮಾಸ್ತರರು ಟೇಪು ಹಾಕಿ ಕೂಗಿ ಹೇಳುತ್ತಿದ್ದರು. ಇಪ್ಪತ್ತೊಂಬತ್ತೂವರೆ. ಮೂವತ್ತು. ಹಾಲು ಕುಡಿದ ಮೇಲೆ ಮೂವತ್ತೊಂದಕ್ಕೆ ಒಂದು ಎಳೆ ಕಡಿಮೆ. ಅವರ ಮುಖಕ್ಕೆ ರಕ್ತ ಮರಳಿ ಬರುತ್ತಿತ್ತು. ಅವತ್ತು ನಿಮ್ಮಪ್ಪ ಮೂರನೆಯ ಸಲವೂ ಬ್ಯಾಡ ಎಂದರು, ನಾಲ್ಕನೆಯ ಸಲವೂ ಎಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೊಂದನೆಯ ಹಣ್ಣಿಗೆ ನಾಗಮ್ಮನವರು, ಕೈ ಬಿಡು ನೋಡೋಣ ಎಂದರು. ಬಿಟ್ಟರು. ಪ್ಯಾಂಟು ನಿಂತಿತು.

ಅಕ್ಷತೆ ಬಿದ್ದಿತು, ತಾಳಿ ಕಟ್ಟಿದರು, ಎರಡೂ ಕೈಯಿಂದ. ಮುಹೂರ್ತದುದ್ದಕ್ಕೂ ಅಳಿಯ ಎದೆ ಮುಂದೆ ಮಾಡಿ, ಹೊಟ್ಟೆ ತುಂಬ ಉಸಿರು ಬಿಗಿಹಿಡಿದು, ಕೋಲಿನಂತೆ ನೆಟ್ಟಗೆ ಕೂತಿದ್ದರು. ಆಫೀಸಿನ ಸಾಹೇಬರು, ಹುಡುಗನ ಠೀವಿ ನೋಡಿ, ಸೂಟು ಎಷ್ಟು ಚೆನ್ನಾಗಿ ಕೂತಿದೆ ಎಂದು ಹೊಗಳಿ, ಹೊಲಿದವರು ಯಾರು ಎಂದು ಕೇಳಿ ಮಾಸ್ತರರ ಅಂಗಡಿಯ ಗುರುತು ತೆಗೆದುಕೊಂಡು ಹೋದರು. ಅವತ್ತು ತೆಗೆದ ಫೋಟೋ ನಿಮ್ಮ ಮನೆಯಲ್ಲಿದೆ. ನಮ್ಮಪ್ಪ ಹೇಗೆ ಹುಲಿಯ ಹಾಗೆ ನಿಂತಿದ್ದಾರೆ ಎಂದು ನೀವು ಬಂದವರಿಗೆಲ್ಲ ತೋರಿಸುತ್ತೀರಿ. ಹುಲಿಯೇ. ಹನ್ನೊಂದು ಬಾಳೆಹಣ್ಣು ತಿಂದ ಹುಲಿ. ನಾನು ಆ ದಿನ ಚಪ್ಪರದ ಕಂಬದ ಮರೆಯಲ್ಲಿ ನಿಂತಿದ್ದೆ. ನಾಗಮ್ಮನವರು ಬಂದು, ಅಲ್ಲೇಕೆ ನಿಂತಿದ್ದೀರಿ ಎಂದು ಕೈ ಹಿಡಿದು ಮುಂದಕ್ಕೆ ತಂದು, ನನ್ನ ಬೊಗಸೆಗೂ ಅಕ್ಕಿಕಾಳು ಹಾಕಿದರು. ಮುಂದಿನಿಂದ ನೋಡಿದರೂ ಆ ಕೋಟು ಚೆನ್ನಾಗಿಯೇ ಇತ್ತು.

ಸೂಟಿನ ವಿದ್ಯೆಯ ಉಳಿದ ಕಾಲು ಪಾಲು ಎಂದೆನಲ್ಲ, ಅದು ಇಷ್ಟೇ. ಯಾವ ಹೊಟ್ಟೆಯಲ್ಲಿ ಹಾಕಿಕೊಳ್ಳುವಿರೋ ಅದೇ ಹೊಟ್ಟೆಯಲ್ಲಿ ಅಳತೆ ಕೊಡಬೇಕು. ಮಾಸ್ತರರು ಇದನ್ನು ಬೇಗ ಕಲಿತರು. ಅವತ್ತಿನಿಂದ ಅವರು ಯಾವ ಗಿರಾಕಿ ಬಂದರೂ ಟೇಪು ಬಿಚ್ಚುವ ಮುಂಚೆ, "ಉಂಡೀರೇನ್ರಿ?" ಎಂದು ಕೇಳುತ್ತಿದ್ದರು. ಗೊತ್ತಿಲ್ಲದವರು, ಎಂಥ ಪ್ರೀತಿಯ ಮನುಷ್ಯ ಎನ್ನುತ್ತಿದ್ದರು.

ನಾನು ಕಲಿತೆನೇ ಎಂದು ಕೇಳಿದರೆ ಹೇಳುವುದು ಕಷ್ಟ. ಮದುವೆಯಾದ ವರ್ಷ ಪಂಚಮಿಗೆ ಮಗಳು ಅಳಿಯ ಬಂದರು. ಹಬ್ಬಕ್ಕೆ ಅಳಿಯನಿಗೆ ಪ್ಯಾಂಟು ಅಂಗಿ ಹೊಲಿಸಬೇಕು. ನಿಮ್ಮಪ್ಪ ಗೋಡೆಗೆ ಹೇಳುವ ಹಾಗೆ, ಬಾಗಿಲ ಕಡೆ ನೋಡದೆ ಹೇಳಿದರು: "ಅತ್ತಿ, ಈ ಸಲ ಮೊದಲು ಅಳತಿ, ಆಮ್ಯಾಲ ಊಟ." ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನೂ ಗೋಡೆಗೆ ಹೇಳುವ ಹಾಗೆ, "ಆತ್ರಿ," ಎಂದೆ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಲೆ ಹಾಕಿಸಲಿಲ್ಲ, ಅನ್ನದ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಆದರೆ ಬಸ್ಸಿನಲ್ಲಿ ನಿಂತುಕೊಂಡು ಬಂದವರು. ಬರೀ ಬಾಯಲ್ಲಿ ಹೇಗೆ ಕಳಿಸುವುದು ಎಂದು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಅದರ ಮೇಲೆ ನಾಲ್ಕು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟೆ. ಬಿಸಿ ಇದ್ದುದರಿಂದ ಇನ್ನೊಂದು ತಟ್ಟೆಯೂ ಹೋಯಿತು. ಬಜ್ಜಿ ಖಾರವಾಗಿದ್ದುದರಿಂದ ಎರಡು ಚೆಂಬು ಮಜ್ಜಿಗೆಯೂ ಹೋಯಿತು. ಅಂಗಡಿಯಲ್ಲಿ ಮಾಸ್ತರರು, ಉಂಡೀರೇನ್ರಿ ಎಂದು ಕೇಳಿದರಂತೆ. ಅಳಿಯ, ಇಲ್ಲ ಎಂದರಂತೆ. ಆ ಪ್ಯಾಂಟೂ ಸಡಿಲವಾಯಿತು. ಆದರೆ ಅದಕ್ಕೆ ನನ್ನನ್ನು ಹೊಣೆ ಮಾಡಬೇಡಿ. ಮಂಡಕ್ಕಿ ಊಟವಲ್ಲ ಎಂದು ಕೊಟ್ಟೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ.